ಕಂಪಲಾಪುರದ ಜಗಲಿಯಲ್ಲಿ ಆಕಾಶದ ಕಲ್ಲು

ಕೃಷ್ಣರಾಜನಗರದಿಂದ ಬೆಳಗ್ಗೆ ಏಳರ ಬಸ್ಸಿಗೆ ಹೊರಟೆ. ಹೆಂಗಸರಿಗೆ ಟಿಕೆಟ್ಟು ಪುಕ್ಕಟೆಯಾದ ಮೇಲೆ ನನ್ನ ಖರ್ಚೆಲ್ಲ ಹೊಟ್ಟೆಗೇ. ಹುಣಸೂರಿನಲ್ಲಿ ಇಳಿದು ಎರಡು ಇಡ್ಲಿ, ಒಂದು ವಡೆ ತಿಂದು ಪಿರಿಯಾಪಟ್ಟಣದ ಬಸ್ಸು ಹತ್ತಿದೆ. ಮಂಜು ಇನ್ನೂ ಹೊಲ ಬಿಟ್ಟಿರಲಿಲ್ಲ. ಬೇಯಿಸಿದ ಹೊಗೆಸೊಪ್ಪಿನ ಗಾಟು ಕಿಟಕಿಯೊಳಗೆ ಬಂದು ನನ್ನ ಪಕ್ಕದಲ್ಲೇ ಕೂತಿತು.

ಕಂಪಲಾಪುರದಲ್ಲಿ ನನ್ನ ತಮ್ಮ ಮಾದೇವ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಭೂಮಿಯ ಹತ್ತಿರ ಹಾದುಹೋಗುವ ಕಲ್ಲುಗಳನ್ನು ಹುಡುಕುವ ಕೆಲಸವನ್ನು ಶಾಲೆಯ ಮಕ್ಕಳಿಗೆ ಹಚ್ಚಿದ್ದಾನೆ. ಎಲ್ಲೋ ದೂರದ ದೊಡ್ಡ ದುರ್ಬೀನು ಆಕಾಶದ ಒಂದೇ ಜಾಗವನ್ನು ಬಿಟ್ಟು ಬಿಟ್ಟು ನಾಲ್ಕು ಸಲ ಚಿತ್ರ ತೆಗೆದು ಕಳಿಸುತ್ತದೆ. ನಕ್ಷತ್ರ ನಿಂತಲ್ಲೇ ನಿಲ್ಲುತ್ತದೆ, ಕಲ್ಲು ನೇರಕ್ಕೆ ಸರಿಯುತ್ತದೆ. ಹಾಗೆ ಸರಿದದ್ದನ್ನು ಗುರುತು ಮಾಡಿ ಕಳಿಸಬೇಕು. ಪದೇ ಪದೇ ಅಳೆಯದಿದ್ದರೆ ಅದರ ದಾರಿ ತಪ್ಪಿಹೋಗುತ್ತದಂತೆ.

"ಎರಡು ಸಲ ತಪ್ಪು ಅಂತ ವಾಪಸ್ ಬಂತು ಕಣಕ್ಕ. ಇದೂ ಬಂದ್ರೆ ಇನ್ಮೇಲೆ ನಮಗೆ ಚಿತ್ರ ಕಳ್ಸಲ್ಲ. ಮಕ್ಕಳಿಗೆ ಏನಂತ ಹೇಳ್ಲಿ?" ಎಂದ. ಬಾಡಿಗೆ ಮನೆಯ ಜಗಲಿಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದ ಅವನ ಕಣ್ಣು ಕೆಂಪಗಾಗಿತ್ತು. ಇದೇ ಕಲ್ಲು ಅಂತ ತೋರಿಸಿದ ಚುಕ್ಕೆ ನನಗೂ ಚೆನ್ನಾಗಿಯೇ ಕಂಡಿತು. ಅಕ್ಕನಾದವಳಿಗೆ ತಮ್ಮನದೆಲ್ಲ ಚೆಂದವೇ.

ಅದೇ ಜಗಲಿಯ ಇನ್ನೊಂದು ತುದಿಯಲ್ಲಿ ಮನೆಯೊಡತಿ ಪುಟ್ಟಮ್ಮ ಹೊಗೆಸೊಪ್ಪು ವಿಂಗಡಿಸುತ್ತಿದ್ದರು. "ಅಗಲೊತ್ನಲ್ಲಿ ನಕ್ಷತ್ರ ಎಣುಸ್ತಾ ಕುಂತವ್ರಲ್ಲ ಮೇಷ್ಟ್ರು, ನಿಮ್ಮ ತಮ್ಮಂಗೆ ಮದ್ವೆ ಮಾಡಿ ಕಣಮ್ಮ" ಎಂದರು.

"ನೀವೇ ಬಂದು ನೋಡಿ, ಗೊತ್ತಾಗುತ್ತೆ ಕಷ್ಟ" ಎಂದ ಮಾದೇವ, ರೇಗಿ.

ಪುಟ್ಟಮ್ಮ ಕೈ ಒರೆಸಿಕೊಂಡು ಬಂದರು. ನಾಲ್ಕೂ ಚಿತ್ರ ನೋಡಿ, "ಮಗುಚಿ" ಎಂದರು.

"ಏನನ್ನ?"

"ಇದ್ನೇ. ಎಲೆ ಮಗುಚಿ ನೋಡ್ದೆ ಯಾರಾದ್ರೂ ದರ್ಜೆ ಏಳ್ತಾರಾ? ಒಂದು ಮಗ್ಗುಲು ಎಲ್ಲಾ ಚಂದಾಗೇ ಇರ್ತದೆ."

ಮಾದೇವ ನಗುತ್ತಲೇ ಲ್ಯಾಪ್‌ಟಾಪನ್ನು ತಲೆಕೆಳಗು ಮಾಡಿದ. ನಗು ಅಲ್ಲೇ ನಿಂತಿತು. ನಾಲ್ಕನೇ ಚಿತ್ರದಲ್ಲಿ ಅವನ ಚುಕ್ಕೆ ಸಾಲು ಬಿಟ್ಟು ಸೊಟ್ಟಗೆ ಸರಿದಿತ್ತು.

"ಸ್ವಲ್ಪಾನೇ ಅಲ್ವಾ ಪುಟ್ಟಮ್ಮ?"

"ಒಂದು ಕೆಟ್ಟೆಲೆ ಸಿಕ್ರೆ ಅರಾಜಲ್ಲಿ ಇಡೀ ಬೇಲನ್ನೇ ವಾಪಸ್ ತಳ್ತಾರೆ ಮೇಷ್ಟ್ರೇ. ಬುಡಿ ಅದ್ನ." ಆಮೇಲೆ ಚಿತ್ರದ ಮೂಲೆಯಲ್ಲಿದ್ದ, ರಾಗಿಕಾಳಿಗಿಂತ ಸಣ್ಣ ಚುಕ್ಕೆಯೊಂದನ್ನು ಬೆರಳಿಂದ ಮುಟ್ಟಿದರು. "ಇದು ಮಂಕಾಗಿ ಅದೆ. ಆದ್ರೆ ಎಂಗೆ ನೋಡಿದ್ರೂ ನೆಟ್ಟಗೆ ಓಯ್ತಾ ಅದೆ."

ಸೊಟ್ಟಗೆ ಸರಿದದ್ದು ಮಾದೇವ ಒಂದು ವಾರ ಕೂತು ಹುಡುಕಿದ ಚುಕ್ಕೆ. ಕೊನೆಗೆ ಅದನ್ನು ಅಳಿಸಿ, ಮಂಕಾದದ್ದೊಂದನ್ನೇ ಅಳೆದು ಕಳಿಸಿದ. ಪುಟ್ಟಮ್ಮ ಕೊಟ್ಟ ಬಿಸಿ ಮುದ್ದೆ, ಅವರೆಕಾಳಿನ ಸಾರು ಉಂಡು ನಾನು ಮೂರರ ಬಸ್ಸಿಗೆ ಹೊರಟೆ.

ಊರಿಗೆ ಬಂದ ನಾಲ್ಕನೇ ದಿನ ಫೋನು. "ಒಪ್ಕೊಂಡ್ರು ಕಣಕ್ಕ. ಮುಂದಿನ ಚಿತ್ರಾನೂ ಕಳ್ಸಿದಾರೆ."

"ಪುಟ್ಟಮ್ಮಂಗೆ ಹೇಳಿದೆಯಾ?"

"ಹೇಳ್ದೆ. ಹೊಸದನ್ನ ತೋರಿಸೋಕೆ ಹೋದ್ರೆ ಓಡಿಸಿಬಿಟ್ರು. ಎಲೆಗಾಗ್ಲಿ ಚುಕ್ಕೆಗಾಗ್ಲಿ ಸಂಜೆ ಬೆಳಕು ಸುಳ್ಳು ಹೇಳ್ತದೆ, ಬೆಳಗ್ಗೆ ತನ್ನಿ ಅಂತ."