ಚೀತಾ ದ್ವೀಪಕ್ಕೆ ಅತ್ತೆಯ ಜೊತೆ

2014ರ ಡಿಸೆಂಬರಿನ ಒಂದು ಶುಕ್ರವಾರ ಬೆಳಕು ಹರಿಯುವ ಮೊದಲೇ ನಾವಿದ್ದ ಸತ್ವಾ ಬಡಾವಣೆಯ ಮನೆಗೆ ಬೀಗ ಹಾಕಿ ಹೊರಟೆವು. ಕಾರು ಓಡಿಸುತ್ತಿದ್ದವರು ನನ್ನ ಗಂಡ. ಹಿಂದಿನ ಸೀಟಿನಲ್ಲಿ ಮಗಳು ಅನನ್ಯ ಮತ್ತು ವಿಸಿಟ್ ವೀಸಾದಲ್ಲಿ ಉಡುಪಿಯಿಂದ ಬಂದಿದ್ದ ಅತ್ತೆ, ಮಡಿಲಲ್ಲಿ ಇಡ್ಲಿ ಡಬ್ಬಿ. ಅಬುಧಾಬಿ ದಾಟಿದ ಮೇಲೆ ಎರಡೂ ಬದಿ ಬರೀ ಮರಳು. ಮನೆಯಿಂದ ಒಟ್ಟು ಸುಮಾರು ಮುನ್ನೂರೈವತ್ತು ಕಿಲೋಮೀಟರ್ ಸಾಗಿ, ಜೆಬೆಲ್ ಧನ್ನಾದಲ್ಲಿ ದೋಣಿ ಹತ್ತಿ ಸರ್ ಬನಿ ಯಾಸ್ ದ್ವೀಪ ಸೇರಿದೆವು.

ಒಂದು ಕಾಲಕ್ಕೆ ಬೋಳಾಗಿದ್ದ ಈ ದ್ವೀಪದಲ್ಲಿ ಲಕ್ಷಗಟ್ಟಲೆ ಗಿಡ ನೆಟ್ಟು, ಆಫ್ರಿಕಾದ ಜಿರಾಫೆ, ಚೀತಾಗಳನ್ನು ತಂದು ಬಿಟ್ಟಿದ್ದಾರೆ. ಪ್ರಾಣಿ ನೋಡುವುದೆಂದರೆ ಬೋನಿನ ಮುಂದೆ ನಿಲ್ಲುವುದು ಎಂದುಕೊಂಡಿದ್ದ ನಮಗೆ, ಜಿರಾಫೆಯೊಂದು ನಾವು ಕುಳಿತಿದ್ದ ತೆರೆದ ಜೀಪಿನ ಪಕ್ಕದಲ್ಲೇ ನಡೆದುಹೋದಾಗ ಎದೆ ಧಸಕ್ಕೆಂದಿತು.

ಜೀಪು ಓಡಿಸುತ್ತಿದ್ದವಳು ಗ್ರೇಸ್, ಕೀನ್ಯಾದ ಹುಡುಗಿ, ಮಹಾ ಮಾತುಗಾತಿ. ಒಂದು ಕಡೆ ಅವಳು ಥಟ್ಟನೆ ಜೀಪು ನಿಲ್ಲಿಸಿ ತುಟಿಯ ಮೇಲೆ ಬೆರಳಿಟ್ಟಳು. ಎದುರಿಗೆ ಸಣ್ಣ ಜಿಂಕೆಯೊಂದು ಮೇಯುತ್ತಿತ್ತು. ಹುಲ್ಲಿನ ಹಿಂದೆ ನೆಲಕ್ಕಂಟಿಕೊಂಡು ಚೀತಾ ತೆವಳುತ್ತಿತ್ತು.

ಅತ್ತೆ ಎದ್ದೇ ನಿಂತರು. "ಓಡು ಮಗಾ, ಓಡು!" ಹಪ್ಪಳಕ್ಕೆ ಬಂದ ಕಾಗೆಯನ್ನು ಓಡಿಸುವ ಹಾಗೆ ಕೈ ತಟ್ಟಿದರು. ಜಿಂಕೆ ಚಂಗನೆ ಹಾರಿ ಕಣ್ಮರೆಯಾಯಿತು. ಚೀತಾ ಸ್ವಲ್ಪ ದೂರ ಓಡಿ, ಏದುಸಿರು ಬಿಡುತ್ತಾ ನಿಂತುಬಿಟ್ಟಿತು.

"ಅಜ್ಜಿ, ಯೂ ಸೇವ್ಡ್ ಇಟ್!" ಎಂದು ಅನನ್ಯ ಕುಣಿದಳು. ನಾವೂ ಚಪ್ಪಾಳೆ ತಟ್ಟಿದೆವು.

ಗ್ರೇಸ್ ನಗಲಿಲ್ಲ. "ಇದು ಬೋನಿನಲ್ಲಿ ಬೆಳೆದದ್ದು, ಬೇಟೆಯನ್ನು ಈಗಷ್ಟೇ ಕಲಿಯುತ್ತಿದೆ. ಮೊನ್ನೆಯಿಂದ ಏನೂ ಸಿಕ್ಕಿಲ್ಲ. ಆ ಪೊದೆಯಲ್ಲಿ ಇದರ ಎರಡು ಮರಿಗಳಿವೆ. ಕಲಿಯದಿದ್ದರೆ ಮೂರನ್ನೂ ವಾಪಸು ಬೋನಿಗೆ ಹಾಕಬೇಕಾಗುತ್ತದೆ" ಎಂದಳು.

ನನ್ನ ಕೈ ಹಾಗೆಯೇ ನಿಂತಿತು. ಗಂಡ ಅದನ್ನೆಲ್ಲ ಕನ್ನಡದಲ್ಲಿ ಹೇಳಿದಾಗ ಅತ್ತೆಯ ಮುಖ ಬಿಳುಚಿಕೊಂಡಿತು.

"ಅಂದ್ರೆ ಅದು ಬಾಣಂತಿಯಾ?" ಎಂದರು. "ಬಾಣಂತಿಯ ಊಟ ತಪ್ಪಿಸಿದ್ನಾ ನಾನು?"

ಆಮೇಲೆ ನೋಡಿದ ಯಾವ ಪ್ರಾಣಿಯೂ ನನಗೆ ನೆನಪಿಲ್ಲ.

ಮರಳುವ ದೋಣಿಯಲ್ಲಿ ತಣ್ಣನೆಯ ಗಾಳಿ ಬೀಸುತ್ತಿತ್ತು. ಇಡ್ಲಿ ಡಬ್ಬಿ ಇನ್ನೂ ಮುಚ್ಚಿದ ಹಾಗೇ ಇತ್ತು.

"ಒಂದಾದರೂ ತಿನ್ನಿ ಅತ್ತೆ."

"ಗಂಟಲಲ್ಲಿ ಇಳಿಯೂದಿಲ್ಲ ಮಾರಾಯ್ತಿ."

ಮೀನಿನ ವಾಸನೆಗೂ ಸೆರಗು ಮೂಗಿಗೆ ಹಿಡಿಯುವ ಅತ್ತೆ, ದೂರವಾಗುತ್ತಿದ್ದ ದ್ವೀಪದ ಕಡೆ ತಿರುಗಿ, ಕಣ್ಣು ಮುಚ್ಚಿ ಕೈ ಮುಗಿದರು. "ಕೃಷ್ಣಾ, ಕತ್ತಲಾಗುವುದರೊಳಗೆ ಅದಕ್ಕೊಂದು ಜಿಂಕೆ ಸಿಗಲಿ" ಎಂದರು.

ನಾನು ಬೆಚ್ಚಿ ಅವರನ್ನೇ ನೋಡಿದೆ. ಅವರು ಕಣ್ಣು ತೆರೆಯಲಿಲ್ಲ.

"ನಾನು ಓಡಿಸಿದ್ದೇ ಆದರೂ ಅಡ್ಡಿಯಿಲ್ಲ."