ಚಿಗವ್ವನ ಲೂಡೋ ಡಬ್ಬಿ

ಮೊನ್ನೆ ಮೊಮ್ಮಗಳ ಹುಟ್ಟುಹಬ್ಬಕ್ಕೆ ಯಾರೋ ಒಂದು ಆಟದ ಡಬ್ಬಿ ಕೊಟ್ಟರು. ರೊಟ್ಟಿಯ ಬುಟ್ಟಿಗಿಂತ ದೊಡ್ಡದು. ಮುಚ್ಚಳ ತೆಗೆದರೆ ಒಂದು ಹಲಗೆ, ಒಂದಿಷ್ಟು ಕಾಯಿ, ಉಳಿದದ್ದೆಲ್ಲ ಗಾಳಿ. ಆದರೆ ಹೊಸ ರಟ್ಟು ಮತ್ತು ಅಂಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಮುಚ್ಚಳವನ್ನು ಕೈಯಲ್ಲಿ ಹಿಡಿದು ಹಾಗೇ ಕೂತುಬಿಟ್ಟೆ. ಪಾರ್ವತಿನಗರದ ನಮ್ಮ ವಠಾರ, ಪಕ್ಕದ ಮನೆಯ ಚಿಗವ್ವ... ಸುಳ್ಳು ಯಾಕೆ ಹೇಳಲಿ, ಅವರ ನೆನಪು ಬರಬಾರದೆಂದೇ ಇಷ್ಟು ವರ್ಷ ಇಂಥ ಡಬ್ಬಿಗಳಿಂದ ದೂರ ಇದ್ದವಳು ನಾನು.

ಎಪ್ಪತ್ತರ ದಶಕದ ಮಾತು. ಮದುವೆಯಾಗಿ ಕುರುಗೋಡಿನಿಂದ ಬಳ್ಳಾರಿಗೆ ಬಂದ ಹೊಸತು. ಒಂದೇ ಗೋಡೆಯ ಆಚೆ ಈಚೆ ನಮ್ಮೆರಡು ಮನೆ, ಒಂದೊಂದಕ್ಕೂ ಎರಡೆರಡು ಕೋಣೆ. ಚಿಗವ್ವ ಸಂಬಂಧದಲ್ಲಿ ನನಗೆ ಏನೂ ಅಲ್ಲ. ವಠಾರದವರೆಲ್ಲ ಹಾಗೆ ಕರೆಯುತ್ತಿದ್ದರು, ನಾನೂ ಕರೆದೆ. ವಯಸ್ಸು ಐವತ್ತರ ಆಸುಪಾಸು, ಮಕ್ಕಳಿರಲಿಲ್ಲ. ಅವರ ಯಜಮಾನರು ಹತ್ತಿ ವ್ಯಾಪಾರದ ಕೆಲಸದ ಮೇಲೆ ಬೊಂಬಾಯಿಗೆ ಓಡಾಡುತ್ತಿದ್ದವರು, ಬದುಕಿರುವ ತನಕ ಅಪರೂಪಕ್ಕೊಮ್ಮೆ ಒಂದು ಆಟದ ಡಬ್ಬಿ ತರುತ್ತಿದ್ದರು. ಹಾವು-ಏಣಿ, ಚದುರಂಗ, ನನಗೆ ಹೆಸರೇ ಗೊತ್ತಿಲ್ಲದ ಇನ್ನೆರಡು. ಎಲ್ಲಕ್ಕಿಂತ ದೊಡ್ಡದು ಲೂಡೋ.

ಗೋಡೆಯ ಗೂಡಿನಲ್ಲಿ ಕಡಪಾ ಕಲ್ಲಿನ ಎರಡೇ ಹಂತ. ಮೇಲೆ ದೇವರು, ಕೆಳಗೆ ಈ ಡಬ್ಬಿಗಳು. ಬೇಳೆಕಾಳಿನ ಡಬ್ಬಗಳೆಲ್ಲ ನೆಲದ ಮೇಲೆ. ಲೂಡೋ ಡಬ್ಬಿಯಂತೂ ಕಲ್ಲಿನಿಂದ ಗೇಣುದ್ದ ಹೊರಗೆ ಚಾಚಿಕೊಂಡು, ಹೋಗುತ್ತ ಬರುತ್ತ ನನ್ನ ಮೊಣಕೈಗೆ ಬಡಿಯುತ್ತಿತ್ತು. ನನಗೋ ಮೊದಲಿನಿಂದ ಅಚ್ಚುಕಟ್ಟಿನ ಹುಚ್ಚು. ಆ ಗೂಡು ಕಂಡಾಗೆಲ್ಲ ಕೈ ತುರಿಸುತ್ತಿತ್ತು.

ವರ್ಷಕ್ಕೆ ಎರಡು ಸಲ, ಯುಗಾದಿ ಆದ ಮೇಲೊಮ್ಮೆ, ದೀಪಾವಳಿ ಆದ ಮೇಲೊಮ್ಮೆ, ಸಿರುಗುಪ್ಪದಿಂದ ಚಿಗವ್ವನ ಅಕ್ಕ ಬರುತ್ತಿದ್ದರು. ಅಕ್ಕತಂಗಿಯರಿಗೆ ಮಾತಿರಲಿಲ್ಲ. ಅವರ ತಾಯಿ ಹಾಸಿಗೆ ಹಿಡಿದದ್ದು ಚಿಗವ್ವನ ಮನೆಯಲ್ಲಿ. ಇವತ್ತು ಸುಧಾರಿಸಿಯಾರು, ನಾಳೆ ಸುಧಾರಿಸಿಯಾರು ಎಂದು ಇವರು ಸುದ್ದಿ ಕಳಿಸುವುದನ್ನು ತಡಮಾಡಿದರು. ಅಕ್ಕ ಬಸ್ಸಿಳಿದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಲ್ಲಿಂದ ಮಾತು ಬಂದ್. ಆದರೆ ಅದಕ್ಕೂ ಮೊದಲು ಇಬ್ಬರೂ ಹೂಡಿದ್ದ ಒಂದು ಲೂಡೋ ಆಟ ಅರ್ಧಕ್ಕೆ ನಿಂತಿತ್ತಂತೆ. ಅದೊಂದೇ ಉಳಿದಿದ್ದ ದಾರಿ. "ಆಟ ಮುಗಸಾಕ ಬಂದೀನಿ, ನಿನ್ನ ಮಾರಿ ನೋಡಾಕಲ್ಲ" ಎನ್ನುತ್ತಲೇ ಅಕ್ಕ ಚಾಪೆಯ ಮೇಲೆ ಕೂರುತ್ತಿದ್ದರು. ನಾನು ಅದನ್ನು ಚೇಷ್ಟೆಯ ಮಾತು ಎಂದುಕೊಂಡಿದ್ದೆ.

ಸಂಜೆ ಬಸ್ಸಿನ ಹೊತ್ತಿನವರೆಗೆ ಆಗುತ್ತಿದ್ದದ್ದು ಹತ್ತಿಪ್ಪತ್ತು ದಾಳ, ಅಷ್ಟೇ. ಒಂದು ದಾಳಕ್ಕೂ ಇನ್ನೊಂದಕ್ಕೂ ನಡುವೆ ಅಕ್ಕ ಎಲೆಗೆ ಸುಣ್ಣ ಸವರುತ್ತ ಕೂರುತ್ತಿದ್ದರು. ಚಿಗವ್ವ ತಮ್ಮ ಕಾಯಿ ಹಣ್ಣಾಗುವ ಹೊತ್ತಿಗೆ ಬೇಕೆಂದೇ ಬೇರೊಂದನ್ನು ನಡೆಸುತ್ತಿದ್ದರು. ಆಟ ಮುಗಿದರೆ ಬರಲು ನೆಪ ಇರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ವರ್ಷಗಟ್ಟಲೆ ನಡೆದದ್ದು ಅದೊಂದೇ ಆಟ ಎಂದು ನನಗೆ ತಿಳಿದದ್ದು ಮಾತ್ರ ತಡವಾಗಿ.

ಆ ವರ್ಷ ದೀಪಾವಳಿಗೆ ಮುಂಚೆ ಮನೆಯ ಮಾಲೀಕರು ಸುಣ್ಣ ಹೊಡೆಯುವವರನ್ನು ಕಳಿಸಿದರು. ಚಿಗವ್ವ ಮೈದುನನ ಸೊಸೆಯ ಹೆರಿಗೆಗೆಂದು ಬಾದನಹಟ್ಟಿಗೆ ಹೋಗಿದ್ದರು. ಬೀಗದ ಕೈ ನನ್ನ ಹತ್ತಿರ. "ಸುಣ್ಣದವ್ರು ಬಂದ್ರ ಸಾಮಾನು ಒಂದ್ ಕಡಿ ಇಟ್ಟು ಬಟ್ಟಿ ಮುಚ್ಚವಾ, ಅಷ್ಟ ಸಾಕು" ಎಂದಿದ್ದರು. ಅಷ್ಟಕ್ಕೇ ಸುಮ್ಮನಿರುವವಳಾ ನಾನು?

ಡಬ್ಬಿಗಳನ್ನೆಲ್ಲ ಬಿಚ್ಚಿದೆ. ಹಳೆಯ ರವಿಕೆ ಬಟ್ಟೆಯಲ್ಲಿ ಪುಟ್ಟ ಪುಟ್ಟ ಚೀಲ ಹೊಲಿದು ಒಂದೊಂದು ಆಟದ ಕಾಯಿಯನ್ನು ಒಂದೊಂದರಲ್ಲಿ ತುಂಬಿದೆ. ಲೂಡೋ ಹಲಗೆಗೆ ನಡುವೆ ಮಡಚುವ ಗೆರೆ ಇತ್ತು, ಆದರೂ ಅದನ್ನು ಬಿಚ್ಚಿಯೇ ಇಟ್ಟಿದ್ದರು. ಕಾಯಿಗಳು ಮನೆಗಳ ಮೇಲೆ ಮೇಣದಿಂದ ಅಂಟಿಕೊಂಡಿದ್ದವು. ಯಾವುದೋ ಮಗು ಮೇಣದಬತ್ತಿ ಸುರಿಸಿರಬೇಕೆಂದು ಉಗುರಿನಿಂದ ಕೆರೆದು ತೆಗೆದೆ. ಒಂದೊಂದು ಕಾಯಿಯ ಕೆಳಗೂ ಸರಿಯಾಗಿ ಒಂದೊಂದು ಚುಕ್ಕಿ ಮೇಣ ಯಾಕಿದೆ ಎಂಬುದು ನನ್ನಂಥ ಅಚ್ಚುಕಟ್ಟಿನವಳಿಗೂ ಹೊಳೆಯಲಿಲ್ಲ. ಹಲಗೆ ಮಡಚಿದೆ. ಐದು ಆಟಗಳೂ ಒಂದೇ ಬಿಸ್ಕತ್ತಿನ ಡಬ್ಬದಲ್ಲಿ ಹಿಡಿದವು. ಖಾಲಿ ರಟ್ಟುಗಳನ್ನು ಸುಣ್ಣದವರು ಚಹಾ ಕಾಸಲು ಒಲೆಗೆ ಹಾಕಿದರು. ಗೂಡಿನಲ್ಲಿ ಬೇಳೆಕಾಳಿನ ಡಬ್ಬಗಳನ್ನು ಸಾಲಾಗಿ ಜೋಡಿಸಿ, ದೂರ ನಿಂತು ನೋಡಿ ಖುಷಿಪಟ್ಟೆ.

ಚಿಗವ್ವ ಬಂದವರು ಗೂಡು ನೋಡಿದರು. ಡಬ್ಬ ಇಳಿಸಿ ಮುಚ್ಚಳ ತೆಗೆದರು. ಮೆತ್ತಗೆ ಕೇಳಿದರು, "ಯಾವ ಕಾಯಿ ಎಲ್ಲಿತ್ತು, ನೆನಪೈತೇನವಾ?"

ನನಗೆ ಅರ್ಥವಾಗಲಿಲ್ಲ. ಆಮೇಲೆ ಅವರೇ ಎಲ್ಲ ಹೇಳಿದರು. ಅಕ್ಕ ಮತ್ತೆ ಬರುವ ತನಕ ಕಾಯಿ ಅಲುಗಬಾರದೆಂದು ಮೇಣ ಹಚ್ಚಿ ಇಡುತ್ತಿದ್ದರಂತೆ. ನಾನು ಅಳುತ್ತ, ಕೆಂಪು ಇಲ್ಲಿತ್ತು, ಹಸಿರು ಅಲ್ಲಿತ್ತು ಎಂದು ಇಟ್ಟು ನೋಡಿದೆ. ಒಂದೂ ಖಾತ್ರಿ ಇರಲಿಲ್ಲ. ಅವರಿಗೆ ತಮ್ಮವು ನೆನಪಿದ್ದವು, ಅಕ್ಕನವು ಇರಲಿಲ್ಲ. ಅಕ್ಕ ಬಂದಾಗ ನಾನೇ ತಪ್ಪೊಪ್ಪಿಕೊಳ್ಳುತ್ತೇನೆ ಎಂದೆ. ಅವರು ನನ್ನ ತಲೆ ಸವರಿದರು.

ಹಬ್ಬ ಕಳೆದು ಮೂರನೆಯ ದಿನ ಅಕ್ಕ ಬಂದರು. ನಾನು ಕರ್ಜಿಕಾಯಿಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಚಾಪೆ ಹಾಸುವ ಮೊದಲೇ ಅವರ ಕಣ್ಣು ಗೂಡಿನ ಮೇಲೆ ಹೋಯಿತು.

"ಡಬ್ಬಿ ಎಲ್ಲೈತಿ?"

ಚಿಗವ್ವ ನನ್ನ ಕಡೆ ನೋಡಿದರು. ಹೇಳಬೇಕಾದ ಹೊತ್ತು ಅದೇ. ಆ ಹೆಂಗಸಿನ ಬಾಯಿ ಎಂಥದೆಂದು ವಠಾರಕ್ಕೆಲ್ಲ ಗೊತ್ತಿತ್ತು, ನನ್ನ ನಾಲಿಗೆ ಏಳಲಿಲ್ಲ. ಚಿಗವ್ವ ಇನ್ನೊಂದು ಗಳಿಗೆ ಕಾದರು. ಆಮೇಲೆ ಕಣ್ಣು ತಿರುಗಿಸಿ, "ನಾನ ತಗದು ಇಟ್ಟೆ. ಬ್ಯಾಳಿ ಡಬ್ಬಿಗೆ ಜಾಗ ಸಾಲಲಿಲ್ಲ" ಎಂದರು.

"ಹಂಗಾರ ನೀನ ಮುಗಿಸಿದಿ" ಎಂದ ಅಕ್ಕ ಚೀಲ ಎತ್ತಿಕೊಂಡರು. ನೀರು ಸಹ ಮುಟ್ಟಲಿಲ್ಲ. ಚಿಗವ್ವ ಓಣಿಯ ತುದಿಯವರೆಗೆ ಹಿಂದೆಯೇ ಹೋದರು. ನಾನು ತಟ್ಟೆ ಹಿಡಿದು ನಿಂತೇ ಇದ್ದೆ.

ಮುಂದಿನ ಯುಗಾದಿಗೆ ಅಕ್ಕ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಅಕ್ಕ ಬರಬೇಕಿದ್ದ ಆ ದಿನಗಳಲ್ಲಿ ಚಿಗವ್ವ ಇಬ್ಬರಿಗೆ ಅಡುಗೆ ಮಾಡಿ, ಸಂಜೆಗೆ ಒಂದು ಪಾಲು ನಮ್ಮ ಮನೆಗೆ ಕೊಡುತ್ತಿದ್ದರು. ಒಂದು ದಿನವೂ ನನ್ನನ್ನು ಆಡಿಕೊಳ್ಳಲಿಲ್ಲ. ಬೈದಿದ್ದರೆ ಎದ್ದು ಸಿರುಗುಪ್ಪಕ್ಕೆ ಹೋಗಿಬಿಡುತ್ತಿದ್ದೆನೋ ಏನೋ... ಹೊಟ್ಟೆಯಲ್ಲಿ ಮಗು, ಆಮೇಲೆ ಕಂಕುಳಲ್ಲಿ ಮಗು, ಆಮೇಲೆ ಅದರ ಶಾಲೆ. ನೆಪಗಳಿಗೇನು ಬರ.

ಆರು ವರ್ಷದ ಮೇಲೆ ಚಿಗವ್ವ ತೀರಿಕೊಂಡರು. ಮಣ್ಣಿಗೆ ಅಕ್ಕ ಬರಲಿಲ್ಲ. ಆಗ ಹೋದೆ ನಾನು, ಎಲ್ಲ ಮುಗಿದ ಮೇಲೆ. ಸಿರುಗುಪ್ಪದ ಅವರ ಪಡಸಾಲೆಯಲ್ಲಿ ಕೂತು, ತೆಗೆದಿಟ್ಟವಳು ನಾನು ಎಂದು ಹೇಳಿದೆ. ಮೇಣ ಕೆರೆದದ್ದೂ ಹೇಳಿದೆ. ಬೈಗುಳಕ್ಕೆ ತಯಾರಾಗಿಯೇ ಹೋಗಿದ್ದೆ. ಮುದುಕಿ ಬೈಯಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಆಕಿ ಇದ್ದಾಗ ಬಂದು ಹೇಳಬಾರದಿತ್ತೇನ?" ಎಂದರು.

ಈಗ ಆ ಅಕ್ಕನೂ ಇಲ್ಲ. ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಆ ಆರು ವರ್ಷವೂ ದಿನಾ ಬಸ್ಸಿತ್ತು.