ಲಾಗಿನ್ ಪುಟಕ್ಕೆ ರಾಹುಕಾಲ

ಬನಶಂಕರಿಯ ಒಂದು ಕಲ್ಯಾಣ ಮಂಟಪಕ್ಕೆ ಡಯಲ್‌ಅಪ್ ಇಂಟರ್ನೆಟ್ ಕಾಲದಲ್ಲೇ ಬುಕಿಂಗ್ ವೆಬ್‌ಸೈಟ್ ಮಾಡಿಕೊಟ್ಟಿದ್ದೆ. ಓನರ್ ರಾಯರದು ಒಂದೇ ಹಟ, ರಾಹುಕಾಲದಲ್ಲಿ ಬುಕಿಂಗ್ ತಗೋಬಾರದು. ಸರಿ, ಆ ಹೊತ್ತಲ್ಲಿ ಯಾರು ಏನೇ ಕಳಿಸಿದರೂ ಸರ್ವರ್ ಓದದೆ ವಾಪಸ್ ಕಳಿಸುವ ಹಾಗೆ ಬರೆದೆ. ಬರೆದು ಮರೆತೂಬಿಟ್ಟೆ.

ಸೈಟ್ ಶುರುವಾಗುವ ಮುಂಚೆ ಅದರ ಭದ್ರತೆ ಪರೀಕ್ಷಿಸೋಕೆ ಬಿಟಿಎಂ ಲೇಔಟಿನಿಂದ ಒಬ್ಬರು ಬಂದರು, ಧಾರವಾಡದ ಕಡೆಯವರು. ಮಂಟಪದ ಆಫೀಸಲ್ಲೇ ಕೂತು, ಪಾಸ್‌ವರ್ಡ್ ಬರೆಯೋ ಜಾಗದಲ್ಲಿ ಡೇಟಾಬೇಸನ್ನೇ ಯಾಮಾರಿಸುವ ಒಂದು ಸಾಲು ಬರೆದು ಕಳಿಸಿದರು. ವಾಪಸ್ ಬಂತು. ಇನ್ನೊಂದು ಕಳಿಸಿದರು, ಅದೂ ವಾಪಸ್.

"ಭಾರಿ ಬಂದೋಬಸ್ತ್ ಮಾಡೀರಿ ಬಿಡ್ರಿ. ಒಳಗ ಏನ್ ಹಾಕೀರಿ?" ಅಂದರು.

ನನಗೆಲ್ಲಿ ಗೊತ್ತು? ಹಿಗ್ಗಿನಲ್ಲಿ "ಅದನ್ನೆಲ್ಲ ಹೇಳೋ ಹಾಗಿಲ್ಲ ಸಾರ್" ಅಂದುಬಿಟ್ಟೆ. ರಾಯರಂತೂ ಖುಷಿಯಾಗಿ ಎಲ್ಲರಿಗೂ ಕಾಫಿ ತರಿಸಿದರು.

ಕಾಫಿ ಮುಗಿಸಿ, ಹೊರಡೋ ಮುಂಚೆ ಧಾರವಾಡದವರು ಸುಮ್ಮನೆ ಆ ಮೊದಲನೇ ಸಾಲನ್ನೇ ಮತ್ತೆ ಕಳಿಸಿದರು. ಸರ್ವರ್ ಬಾಗಿಲು ತೆಗೆದು, 'ಸ್ವಾಗತ, ಓನರ್' ಅಂತ ಅವರನ್ನೇ ಬರಮಾಡಿಕೊಂಡಿತು.

ಗೋಡೆ ಗಡಿಯಾರ ನೋಡಿದೆ. ಶುಕ್ರವಾರ, ಹನ್ನೆರಡು ದಾಟಿತ್ತು. ಅಷ್ಟು ಹೊತ್ತು ಬಾಗಿಲು ಕಾದಿದ್ದು ನಾನಲ್ಲ, ರಾಹುಕಾಲ. ನಗು ತಡೆಯಲಾಗದೆ ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ, ಬೈಗುಳಕ್ಕೆ ತಯಾರಾಗಿ.

ರಾಯರ ಮುಖ ಅರಳಿತು. "ನೋಡ್ರಪ್ಪಾ, ರಾಹುಕಾಲದಲ್ಲಿ ಕಳ್ಳತನ ಕೂಡ ಕೈಗೂಡಲ್ಲ."

ಆ ಮಧ್ಯಾಹ್ನವೇ ಕೋಡ್ ಸರಿಮಾಡೋಕೆ ಕೂತೆ, ಕ್ಯಾಲೆಂಡರಲ್ಲಿ ರಾಹುಕಾಲ ಇಲ್ಲ ಅಂತ ಖಾತ್ರಿ ಮಾಡಿಕೊಂಡು.